ಫೋನ್ ಎತ್ತಲ್ಲ ಅಂದ್ರೆ ಸೊಕ್ಕಲ್ಲ, ದೇವರಾಣೆ

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಹಚ್ಚುವಷ್ಟರಲ್ಲಿ ಫೋನ್ ಶುರುವಾಯಿತು. ಹೆಸರು ನೋಡಿದೆ, ಸೋದರಮಾವನ ಮಗ. ಒಳ್ಳೆಯವನು, ನನಗೆ ಬೇಕಾದವನು. ಆದರೂ ಕೈ ಮುಂದೆ ಹೋಗಲಿಲ್ಲ. ಫೋನ್ ಗುರ್ ಗುರ್ ಅಂತ ಜರುಗುತ್ತಾ ಹೋಗಿ ನೀರಿನ ಲೋಟಕ್ಕೆ ತಾಗಿ ನಿಂತಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ, ಬಿಟ್ಟರೆ ಅವನಿಗೆ ಕೇಳಿಸಿಬಿಡುತ್ತದೇನೋ ಅನ್ನುವ ಹಾಗೆ. ರಿಂಗ್ ನಿಂತ ಮೇಲೆ ಎರಡು ನಿಮಿಷ ಬಿಟ್ಟು ಮೆಸೇಜ್ ಹಾಕಿದೆ: ‘ಫೋನ್ ಮಾಡಿದ್ದಿ, ಏನರ ಕೆಲಸಿತ್ತಾ?’

‘ಇಲ್ಲ, ಸುಮ್ನೆ ಮಾಡಿದ್ದೆ.’

ಈ ‘ಸುಮ್ನೆ’ಯೇ ನನ್ನ ಕಂಟಕ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಹೊಸ ತೊಗರಿ ಬರುವ ಸೀಸನ್ನಿನಲ್ಲಿ ದಿನಕ್ಕೆ ಐವತ್ತು ಕರೆ. ರೇಟು ಎಷ್ಟು, ಎಷ್ಟು ಕ್ವಿಂಟಲ್, ಲಾರಿ ಎಲ್ಲಿದೆ, ಪೇಮೆಂಟ್ ಯಾವಾಗ. ಕನ್ನಡ, ಹಿಂದಿ, ನಮ್ಮ ದಖನಿ, ಯಾವುದಾದರೂ ಸರಿ, ನಾಲಿಗೆ ತಡವರಿಸುವುದಿಲ್ಲ. ಅದೇ ಸಂಜೆ ಅತ್ತೆಮನೆಯಿಂದ ಫೋನ್ ಬಂದರೆ ಅಂಗೈ ಬೆವರುತ್ತದೆ. ಯಾರಿಗಾದರೂ ನಾನೇ ಮಾಡಬೇಕು ಅಂದರೆ ತೂಕದ ಚೀಟಿಯ ಹಿಂದೆ ಬರೆದುಕೊಳ್ಳುತ್ತೇನೆ: ‘ನಮಸ್ಕಾರ್ರಿ. ಅರಾಮಾ? ಲಗ್ನಕ್ಕೆ ಬರಲಿಕ್ಕೆ ಆಗಲ್ಲ. ತಪ್ಪು ತಿಳಕೋಬ್ಯಾಡ್ರಿ.’ ಹೆಂಡತಿಗೆ ಅಂಥ ಒಂದು ಚೀಟಿ ಸಿಕ್ಕು ವಾರವಿಡೀ ನಕ್ಕಳು. ಆದರೆ ಕೆಲಸದ ಕರೆಗೆ ಮೊದಲು, ಕೊನೆ ಎರಡೂ ಇರುತ್ತವೆ, ಅಲ್ವಾ? ಲಾರಿ ನಂಬರ್ ಬರೆದುಕೊಂಡ ಮೇಲೆ ಯಾರೂ ‘ಮತ್ತೇನು?’ ಅಂತ ಕೇಳುವುದಿಲ್ಲ. ಬೀಗರು ಕೇಳುತ್ತಾರೆ. ಮತ್ತೇನೂ ಇಲ್ಲ ಅಂತ ಹೇಳುವ ಹಾಗೂ ಇಲ್ಲ.

ಇನ್ನು ಹೆಸರು ಹೇಳದೆ ಶುರುಮಾಡುವವರದೇ ಬೇರೆ ಕಥೆ. ‘ನಾ ಯಾರ್ ಹೇಳು ನೋಡಮ್?’ ಶರಣಬಸವೇಶ್ವರರ ಊರಿನಲ್ಲಿ ‘ನಾ ಶರಣು’ ಅಂದರೂ ಏನೂ ಹೇಳಿದಂತಾಗುವುದಿಲ್ಲ. ನನ್ನ ಫೋನಿನಲ್ಲಿ ಶರಣು ಗಂಜ್, ಶರಣು ಲಾರಿ, ಶರಣು ಸೇಡಂ, ಶರಣು ಹಳೇದು ಅಂತ ಒಂಬತ್ತು ಜನ ಇದ್ದಾರೆ. ನಂಬರ್ ಬದಲಿಸಿದ ಹತ್ತನೆಯ ಶರಣು ‘ಗುರುತ ಸಿಗಲಿಲ್ಲೇನು?’ ಅಂತ ಬೇಜಾರಾಗುತ್ತಾನೆ. ಎದುರಿಗೆ ಸಿಕ್ಕಿದ್ದರೆ ತಬ್ಬಿಕೊಳ್ಳುತ್ತಿದ್ದೆ ಮಾರಾಯಾ.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಊರಿಗೆ ಇನ್ನೂ ಗುಲಬರ್ಗಾ ಅಂತಲೇ ಹೆಸರಿದ್ದ ಕಾಲ. ನಮ್ಮ ಓಣಿಯಲ್ಲಿ ಒಂದೇ ಫೋನ್. ಎಲ್ಲರೂ ಅದೇ ನಂಬರ್ ಕೊಟ್ಟು ಮುಂದೆ ‘ಪಿ.ಪಿ.’ ಅಂತ ಬರೆಯುತ್ತಿದ್ದರು, ಅಂದರೆ ಫೋನ್ ಬೇರೆಯವರ ಮನೆಯದು, ನಮ್ಮನ್ನು ಕರೆಸಿ ಅಂತ. ಅಪ್ಪ ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಭಾನುವಾರ ಅಲ್ಲಿನ ಎಸ್‌ಟಿಡಿ ಬೂತಿನಿಂದ 08472 ಹಚ್ಚಿ ಫೋನ್ ಮಾಡುತ್ತಿದ್ದ. ಆ ಫೋನಿದ್ದ ಮನೆಯ ಹುಡುಗ ಓಡಿಬಂದು ‘ಫೋನ್!’ ಅಂದರೆ ನಾವು ಚಪ್ಪಲಿ ಬಿಟ್ಟು ಓಡುವುದು. ಅವರೆಲ್ಲ ಟೀವಿ ಮುಂದೆ ಕೂತಿರುತ್ತಿದ್ದರು. ನಾವು ಒಳಗೆ ಕಾಲಿಟ್ಟ ಕೂಡಲೇ ಟೀವಿ ಸೌಂಡ್ ಸಣ್ಣ ಮಾಡುತ್ತಿದ್ದರು. ನಮಗೆ ಕೇಳಲಿ ಅಂತಲ್ಲ, ತಮಗೆ ಕೇಳಲಿ ಅಂತ.

ಅವ್ವ ರಿಸೀವರ್ ನನ್ನ ಕೈಗೆ ಕೊಟ್ಟು, ಸೆರಗು ಬಾಯಿಗೆ ಹಿಡಿದು, ಬೆನ್ನಿಗೆ ತಿವಿಯುತ್ತಿದ್ದಳು: ‘ಫೀಸ್ ಕೇಳು, ಫೀಸ್ ಕೇಳು.’ ಆ ಕಡೆ ಬೂತಿನ ಮೀಟರ್ ಓಡುತ್ತಿದೆ. ಈ ಕಡೆ ಐದು ಜೋಡಿ ಕಣ್ಣು. ‘ಅಪ್ಪಾ, ಛಲೋ ಇದ್ದೀನಿ’ ಅಂದೆ. ಮತ್ತೆ ತಿವಿತ. ಮತ್ತೆ ‘ಛಲೋ ಇದ್ದೀನಿ’ ಅಂದೆ. ಲೈನ್ ಕಟ್ ಆಯಿತು. ಆ ಸಲದ ಫೀಸನ್ನು ಅವ್ವ ಅದೇ ಮನೆಯವರ ಹತ್ತಿರ ಸಾಲ ತಂದು ಕಟ್ಟಿದಳು.

ಮೈಕೆಲ್ ಲೀಬೊವಿಟ್ಜ್ ಅಂತ ಅಮೆರಿಕದ ಮನೋವೈದ್ಯರು 1987ರಲ್ಲಿ ಜನರೆದುರಿನ ಅಂಜಿಕೆ ಅಳೆಯಲಿಕ್ಕೆ ಒಂದು ಪಟ್ಟಿ ಮಾಡಿದರು. ಒಟ್ಟು 24 ಸನ್ನಿವೇಶ. ಮೊದಲನೆಯದೇ ನಾಲ್ಕು ಜನರ ಮುಂದೆ ಫೋನಿನಲ್ಲಿ ಮಾತನಾಡುವುದು! ಅದನ್ನು ಓದಿದಾಗ ಆ ಮನೆಯ ಹಾಲ್ ಕಣ್ಣಮುಂದೆ ಬಂತು.

ತಪ್ಪೆಲ್ಲ ನನ್ನದೇ ಅಂತಲೂ ಒಪ್ಪುವುದಿಲ್ಲ. ಎದುರು ಕೂತು ಹರಟುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗಲು ಸುಮಾರು ಒಂದು ಸೆಕೆಂಡಿನ ಐದನೇ ಒಂದು ಭಾಗ ಸಾಕಂತೆ. ಮೊಬೈಲಿನಲ್ಲಿ ದನಿ ತಲುಪುವುದೇ ಚೂರು ತಡ. ಅಷ್ಟಕ್ಕೇ ತಾಳ ತಪ್ಪುತ್ತದೆ. ‘ಹೇಳ್ರಿ.’ ‘ಇಲ್ಲ, ನೀವ್ ಹೇಳ್ರಿ.’ ಇಬ್ಬರೂ ಸುಮ್ಮನೆ. ಮತ್ತೆ ಇಬ್ಬರೂ ಒಟ್ಟಿಗೆ ‘ಅದೇ...’ ನಮ್ಮ ಕಡೆ ಅರ್ಧ ಮಾತು ಹುಬ್ಬು, ಕೈ, ಕತ್ತಿನಲ್ಲೇ ನಡೆಯುತ್ತದೆ. ನಾನಂತೂ ಈಗಲೂ ಫೋನ್ ಹಿಡಿದು ಕತ್ತು ಆಡಿಸುತ್ತೇನೆ. ಆ ಕಡೆಯವರು ‘ಹಲೋ? ಹಲೋ? ಅದೀರೇನ್ರಿ?’ ಅಂತಾರೆ.

ನನ್ನಂಥವರ ಸುವರ್ಣಯುಗ ಮಿಸ್ ಕಾಲ್ ಕಾಲ. ಒಂದು ರಿಂಗ್ ಅಂದರೆ ಮುಟ್ಟಿದೆ. ಎರಡು ಅಂದರೆ ಸ್ಟ್ಯಾಂಡಿಗೆ ಬಾ. ಮಾತಿಲ್ಲ, ಕತೆಯಿಲ್ಲ, ದುಡ್ಡೂ ಇಲ್ಲ. 2003ರಲ್ಲಿ ಇನ್‌ಕಮಿಂಗ್ ಫ್ರೀ ಆಯಿತು. 2016ರಲ್ಲಿ ಜಿಯೋ ಬಂದ ಮೇಲೆ ಔಟ್‌ಗೋಯಿಂಗಿಗೂ ಲೆಕ್ಕವಿಲ್ಲ. ಮೀಟರ್ ಹೋಯಿತು, ಅದರ ಜೊತೆ ‘ಇಡ್ತೀನಿ’ ಅನ್ನಲಿಕ್ಕೆ ಇದ್ದ ನೆಪವೂ ಹೋಯಿತು.

ಹಾಗಂತ ‘ಮೊದಲು ಮೆಸೇಜ್ ಮಾಡಿ ಕೇಳಿ, ಆಮೇಲೆ ಫೋನ್ ಮಾಡಿ’ ಅಂತ ಎಲ್ಲರಿಗೂ ಉಪದೇಶ ಮಾಡುವ ಹಾಗಿಲ್ಲ. ಅಕ್ಷರ ಬಲ್ಲವರಿಗೆ ಮಾತ್ರ ಆ ಸೌಕರ್ಯ. ಸೇಡಂ ಕಡೆ ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವನಿಗೆ ಓದಲು ಬರುವುದಿಲ್ಲ. ಫೋಟೋ ನೋಡಿ ನನ್ನನ್ನು ಗುರುತಿಸಿ ಫೋನ್ ಮಾಡುತ್ತಾಳೆ. ನಾನು ಎತ್ತದೆ ಎತ್ತದೆ, ‘ದೊಡ್ಡ ಸಾಹೇಬ ಆಗ್ಯಾನ, ಸೊಕ್ಕು’ ಅಂತ ಊರಿಗೆಲ್ಲ ಹೇಳಿದಳು. ಆ ಮಾತು ತಿರುಗಿ ನನ್ನ ಕಿವಿಗೇ ಬಂತು. ಬೈದದ್ದರಲ್ಲಿ ತಪ್ಪೇನಿದೆ? ಎರಡು ನಿಮಿಷ ಬಿಟ್ಟು ನಾನು ಹಾಕುವ ಮೆಸೇಜ್ ಅವಳ ಪಾಲಿಗೆ ಬರೀ ಗೀಟು.

ಹೋದ ತಿಂಗಳು ಮೊಮ್ಮಗ ಅವಳಿಗೆ ವಾಟ್ಸಾಪಿನ ಮೈಕ್ ಒತ್ತುವುದು ಕಲಿಸಿದ್ದಾನೆ. ಈಗ ದಿನಾ ಬೆಳಿಗ್ಗೆ ವಾಯ್ಸ್ ಮೆಸೇಜ್. ಅದು ಫೋನ್ ಅಲ್ಲ ಅಂತ ಅವಳಿಗೆ ಇನ್ನೂ ಹೊಳೆದಿಲ್ಲ.

‘ಉಂಡಿ ಏನು?’ ಅಂತಾಳೆ. ಸುಮ್ಮನಾಗುತ್ತಾಳೆ. ಹಿಂದೆ ಎಲ್ಲೋ ಕೋಳಿ ಕೂಗುತ್ತದೆ. ‘ಹ್ಞಾಂ... ಹುಡುಗರು ಸಾಲಿಗೆ ಹೋದ್ರಾ?’ ಮತ್ತೆ ಎರಡು ಸೆಕೆಂಡ್ ಬಿಡುತ್ತಾಳೆ. ಆ ಎರಡು ಸೆಕೆಂಡಿನಲ್ಲಿ ನಾನು ಮಿಲ್ಲಿನ ಆಫೀಸಿನಲ್ಲಿ ಕೂತು ಜೋರಾಗಿಯೇ ‘ಹೋದ್ರು ದೊಡ್ಡವ್ವ’ ಅನ್ನುತ್ತೇನೆ. ಹಮಾಲರು ತಿರುಗಿ ನೋಡುತ್ತಾರೆ.