ಗ್ವಾರ್ನೇರಿ ಪಿಟೀಲು ತಯಾರಿಸಿದ್ದು ಸೆರೆಮನೆಯಲ್ಲಲ್ಲ

ಇಟಲಿಯ ಪಿಟೀಲು ತಯಾರಕ ಜುಸೆಪ್ಪೆ ಗ್ವಾರ್ನೇರಿ ಕೊಲೆ ಮಾಡಿ ಜೈಲು ಸೇರಿದ, ಜೈಲರನ ಮಗಳು ಕದ್ದು ತಂದುಕೊಟ್ಟ ಮರದ ತುಂಡುಗಳಿಂದ ಪಿಟೀಲುಗಳನ್ನು ಮಾಡಿದ ಎಂಬ ಕತೆ ಮತ್ತೆ ಹರಿದಾಡುತ್ತಿದೆ. ಸಿನಿಮಾಕ್ಕೆ ಹೇಳಿ ಮಾಡಿಸಿದಂತಿದೆ, ಆದರೆ ಇದಕ್ಕೆ ದಾಖಲೆಯ ಆಧಾರವಿಲ್ಲ.

1698ರಲ್ಲಿ ಕ್ರೆಮೋನಾದಲ್ಲಿ ಹುಟ್ಟಿದ ಈತ ಕಸುಬು ಕಲಿತದ್ದು ತಂದೆಯ ಬಳಿ. ಅಜ್ಜ ಆಂದ್ರೆಯಾ, ಹೆಸರಾಂತ ಪಿಟೀಲು ತಯಾರಕ ನಿಕೊಲೊ ಅಮಾಟಿಯ ಶಿಷ್ಯ. ಜುಸೆಪ್ಪೆ 1722ರಲ್ಲಿ ಮದುವೆಯಾಗಿ ತಂದೆಯ ಮನೆಯಿಂದ ಬೇರೆಯಾದ. ಲೇಬಲ್ಲಿನ ಮೇಲೆ ಶಿಲುಬೆ ಮತ್ತು ಯೇಸುವಿನ ಹೆಸರಿನ ಅಕ್ಷರಗಳನ್ನು ಅಚ್ಚು ಹಾಕಿಸುತ್ತಿದ್ದುದರಿಂದ 'ದೆಲ್ ಜೆಸು' (ಯೇಸುವಿನ) ಎಂಬ ಹೆಸರು ಬಂತು. ತೀರಿಕೊಂಡದ್ದು 1744ರಲ್ಲಿ, 46ರ ಪ್ರಾಯದಲ್ಲಿ.

ಕತೆ ಹುಟ್ಟಲು ಕಾರಣ ಆತನ ಕೊನೆಯ ವರ್ಷಗಳ ಕೆಲಸವೇ. ನಾದರಂಧ್ರಗಳು ಒಂದಕ್ಕೊಂದು ಹೊಂದುವುದಿಲ್ಲ, ತಲೆಯ ಸುರುಳಿಯಲ್ಲಿ ಉಳಿಯ ಗುರುತು ಹಾಗೆಯೇ ಉಳಿದಿದೆ. ಅದೇ ಊರಿನ ಹೆಸರಾಂತ ತಯಾರಕ ಸ್ಟ್ರಾಡಿವೇರಿಯ ನುಣುಪನ್ನೇ ಅಳತೆಗೋಲಾಗಿಸಿಕೊಂಡವರಿಗೆ ಈ ಅವಸರದ ಕೈ ಅರ್ಥವಾಗಲಿಲ್ಲ. ವಿವರಣೆಗೆ ಸೆರೆಮನೆ ಕಟ್ಟಿದರು. ವ್ಯಾಪಾರಕ್ಕೂ ಅದು ಒದಗಿತು: ಯಾರೋ ಮಾಡಿದ ಒರಟು ಪಿಟೀಲುಗಳು 'ಸೆರೆಮನೆಯ ಜೋಸೆಫ್' (ಜುಸೆಪ್ಪೆಯ ಇಂಗ್ಲಿಷ್ ರೂಪ) ಎಂಬ ಹೆಸರು ಹೊತ್ತು ಮಾರುಕಟ್ಟೆಗೆ ಬಂದವು.

ಒರಟುತನವೆಂದರೆ ಕಳಪೆ ಎಂದು ತಿಳಿಯಬೇಕಿಲ್ಲ. ಇಟಲಿಯ ಖ್ಯಾತ ಪಿಟೀಲುವಾದಕ ಪಗನಿನಿ ನುಡಿಸಿದ, ಗ್ವಾರ್ನೇರಿ ಮಾಡಿದ, 'ಫಿರಂಗಿ' ಎಂಬ ಅಡ್ಡಹೆಸರಿನ ಪಿಟೀಲು 1743ರದು. ಅದರ ಹಲಗೆಗಳು ವಾಡಿಕೆಗಿಂತ ದಪ್ಪ, ದನಿ ಗಂಭೀರ. ಪಗನಿನಿ ಅದನ್ನು ತನ್ನ ಹುಟ್ಟೂರು ಜಿನೋವಾಕ್ಕೆ ಬಿಟ್ಟುಹೋದ. ಇಂದಿಗೂ ಅದು ಆ ನಗರದ ಸ್ವತ್ತು.