ಕನ್ನಡಕ ಹಾಕಿದ್ದಕ್ಕೆ ನಂಬರ್ ಏರಲ್ಲ

ನಿನ್ನೆ ಮುಂಬೈಯ ಮಾಟುಂಗದಲ್ಲಿ ನಮ್ಮ ಕನ್ನಡದವರದ್ದೇ ಒಂದು ಕಾರ್ಯಕ್ರಮ. ಐದನೇ ಕ್ಲಾಸಿನ ಹುಡುಗಿ, ಮೈನಸ್ ಎರಡು ನಂಬರ್, ಹೊಸ ಕನ್ನಡಕ. ಊಟಕ್ಕೆ ಕೂತಾಗ ಹಿರಿಯರೊಬ್ಬರು ಅವಳ ಅಮ್ಮನಿಗೆ, "ಯಾವಾಗಲೂ ಹಾಕಿಸಬೇಡಮ್ಮಾ, ಕಣ್ಣಿಗೆ ಅಭ್ಯಾಸ ಆಗಿಬಿಡುತ್ತೆ, ನಂಬರ್ ಏರುತ್ತಲೇ ಹೋಗುತ್ತೆ" ಅಂದರು. ಅಮ್ಮ ಆಗಲೇ ಅದನ್ನು ತೆಗೆಸಿ ಪರ್ಸಿಗೆ ಹಾಕಿಕೊಂಡರು. ಆಮೇಲೆ ಸ್ಟೇಜಿನ ಮೇಲೆ ಗೆಳತಿ ಕುಣಿಯುವಾಗ ಆ ಮಗು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿತ್ತು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಂಬರ್ ಏರುವುದು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆಯುವುದರಿಂದ. ಆಗ ಬೆಳಕು ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾದ ಮೇಲೆ ಕೂಡದೆ ಅದಕ್ಕಿಂತ ಮುಂದೆಯೇ ಕೂಡಿಬಿಡುತ್ತದೆ, ದೂರದ್ದು ಮಸುಕಾಗುತ್ತದೆ. ಒಂದೇ ಒಂದು ಮಿಲಿಮೀಟರ್ ಉದ್ದವಾದರೆ ಸುಮಾರು ಎರಡೂವರೆ ನಂಬರ್ ಏರುತ್ತದೆ. ಮಕ್ಕಳು ಬೆಳೆಯುವ ವಯಸ್ಸಿನಲ್ಲೇ ಕನ್ನಡಕವೂ ಬರುತ್ತದೆ, ಹಾಗಾಗಿ ತಪ್ಪೆಲ್ಲ ಅದರ ತಲೆಗೆ. ಮಗುವಿನ ಕಾಲು ಬೆಳೆದರೆ ಚಪ್ಪಲಿಯನ್ನು ಬೈಯುತ್ತೇವಾ?

ಮಲೇಷ್ಯಾದಲ್ಲಿ ಇದನ್ನು ಮಕ್ಕಳ ಮೇಲೆಯೇ ನೋಡಿದ್ದಾರೆ, 2002ರಲ್ಲಿ ಪ್ರಕಟವಾಗಿದೆ. 9ರಿಂದ 14 ವರ್ಷದ 94 ಮಕ್ಕಳು. ಕೆಲವರಿಗೆ ಪೂರ್ತಿ ನಂಬರ್, ಕೆಲವರಿಗೆ ಬೇಕೆಂದೇ ಸ್ವಲ್ಪ ಕಡಿಮೆ. ಎರಡು ವರ್ಷದಲ್ಲಿ ನಂಬರ್ ಜಾಸ್ತಿ ಏರಿದ್ದು ಕಡಿಮೆ ಕೊಟ್ಟವರಿಗೇ.

"ನನಗೂ ನಂಬರ್ ಇದೆ, ನಾನು ಹಾಕೋದೇ ಇಲ್ಲ, ಏನೂ ಏರಿಲ್ಲ" ಅನ್ನುವವರು ಇದ್ದೇ ಇರುತ್ತಾರೆ. ನಿಮಗೆ ಐವತ್ತು ದಾಟಿದೆ ಸಾರ್, ನಿಮ್ಮ ಕಣ್ಣು ಬೆಳೆಯುವುದು ಯಾವಾಗಲೋ ನಿಂತಿದೆ. ಹತ್ತು ವರ್ಷದ ಮಗುವಿಗೆ ಆ ಲೆಕ್ಕ ಹೇಳಬೇಡಿ. ಹಾಕಿದ ಮೇಲೆ ಬಿಡೋಕಾಗಲ್ಲ ಅನ್ನುವುದೂ ಅಷ್ಟೇ, ಕಣ್ಣು ಸೋತಿದ್ದಕ್ಕಲ್ಲ, ಸ್ಪಷ್ಟವಾಗಿ ಕಂಡ ಮೇಲೆ ಮಸುಕು ಯಾರಿಗೆ ಬೇಕು?

ಹಾಗಂತ ಎಲ್ಲರೂ ಇಡೀ ದಿನ ಹಾಕಲೇಬೇಕು ಅಂತಲ್ಲ. ಅರ್ಧ ನಂಬರ್ ಇರುವ ದೊಡ್ಡವರಿಗೆ ಎರಡು ಮೀಟರ್ ತನಕ ಸರಿಯಾಗಿಯೇ ಕಾಣುತ್ತದೆ, ಅಡುಗೆ ಮಾಡುವಾಗ, ಪುಸ್ತಕ ಓದುವಾಗ ತೆಗೆದಿಟ್ಟರೆ ಏನೂ ಆಗಲ್ಲ. ಗಾಡಿ ಓಡಿಸುವಾಗ ಮಾತ್ರ ಬೇಕೇ ಬೇಕು, ಅದರಲ್ಲೂ ಮಳೆಗಾಲದ ರಾತ್ರಿ ಹೈವೇನಲ್ಲಿ. ಆದರೆ ಮೈನಸ್ ಎರಡು ಅಂದರೆ ಅರ್ಧ ಮೀಟರ್ ಆಚೆಗಿನದೆಲ್ಲ ಮಸುಕು. ಬೋರ್ಡು, ಟೀಚರ್ ಮುಖ, ಬಸ್ಸಿನ ನಂಬರ್, ರೈಲಿನ ಇಂಡಿಕೇಟರ್, ಎಲ್ಲಾ. ಅವಳು ಬೆಳಗ್ಗೆ ಎದ್ದ ಕೂಡಲೇ ಹಾಕಿಕೊಳ್ಳಬೇಕು.

ನಾನು ಏಳನೇ ಕ್ಲಾಸಿನವರೆಗೆ ಪಕ್ಕದವಳ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಿದ್ದೆ. "ಹುಡುಗಿಗೆ ಕನ್ನಡಕ ಬೇಡ, ನಾಳೆ ಗಂಡು ಸಿಗಲ್ಲ" ಅಂತ ಮನೆಯಲ್ಲಿ ಹೇಳಿದ್ದು ಇವತ್ತಿಗೂ ನೋಯುತ್ತದೆ. ಈಗಲೂ ಎಷ್ಟೋ ಮನೆಗಳಲ್ಲಿ ನಂಬರಿನ ಮಾತಿನ ಹಿಂದೆ ಇದೇ ಭಯ ಇದೆ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ಮಕ್ಕಳ ಕಣ್ಣಿನ ಬಗ್ಗೆ ನಿಜವಾಗಿ ಕಾಳಜಿ ಇದ್ದರೆ ಅವರನ್ನು ಹಗಲು ಹೊತ್ತು ಹೊರಗೆ ಬಿಡಿ. ಬಯಲಿನ ಬೆಳಕಿನಲ್ಲಿ ಜಾಸ್ತಿ ಹೊತ್ತು ಕಳೆಯುವ ಮಕ್ಕಳಲ್ಲಿ ಮೈನಸ್ ನಂಬರ್ ಶುರುವಾಗುವುದೇ ಕಡಿಮೆ. ತೈವಾನಿನಲ್ಲಿ 2010ರಿಂದ ಶಾಲೆ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಕಳಿಸುವ ಯೋಜನೆಯೇ ಇದೆ. ನಮ್ಮ ಸೊಸೈಟಿಗಳಲ್ಲಿ ಕಾಂಪೌಂಡಿನ ತುಂಬಾ ಕಾರು, ಗೋಡೆ ಮೇಲೆ "ಇಲ್ಲಿ ಆಟ ಆಡಬಾರದು" ಅಂತ ಬೋರ್ಡು. ಮುಂದಿನ ಮೀಟಿಂಗಿನಲ್ಲಿ ಆ ಬೋರ್ಡು ತೆಗೆಸುವ ಮಾತು ಎತ್ತುತ್ತೇನೆ, ನಮ್ಮ ಬಿಲ್ಡಿಂಗಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಜೊತೆಗೆ ಬನ್ನಿ.