ನನ್ನೊಳಗಿನ ನಡುಕವನ್ನು ನಂಬಿ

2021ರ ಅಕ್ಟೋಬರ್‌ನಲ್ಲಿ ನಮ್ಮ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಭೂಮಿ ಮೇಲಿಂದ ಮೇಲೆ ನಡುಗಿ, ಜನ ಮನೆಯೊಳಗೆ ಮಲಗಲು ಹೆದರಿ ಬಯಲಿನಲ್ಲಿ ರಾತ್ರಿ ಕಳೆಯುತ್ತಿದ್ದರು. ಅದೇ ದಿನಗಳಲ್ಲಿ ಒಂದು ರಾತ್ರಿ, ಕಲಬುರಗಿಯ ನಮ್ಮ ಮನೆಯಲ್ಲಿ ಶಹಾಬಾದ್ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ನನಗೆ ಬೆನ್ನಿನ ಕೆಳಗೆ ಸಣ್ಣಗೆ ಗುಂಯ್‌ಗುಡುವ ಕಂಪನ ತಿಳಿಯಿತು. ಗಾಬರಿಯಾಗಿ ನಮ್ಮ ಯಜಮಾನರನ್ನು ಎಬ್ಬಿಸಿದೆ. ಅವರು ನೆಲಕ್ಕೆ ಅಂಗೈ ಊರಿ ನೋಡಿದರು, ಆಮೇಲೆ ಮೊಬೈಲ್ ಬೆಳಕು ಹಿಡಿದು ತಲೆದೆಸೆಯಲ್ಲಿದ್ದ ತಂಬಿಗೆಯ ನೀರನ್ನು ನೋಡಿದರು. ನೀರು ಅಲುಗಿರಲಿಲ್ಲ. ನಾನು ಎದ್ದು ನಿಂತೆ. ಕಂಪನವೂ ನನ್ನೊಂದಿಗೆ ಎದ್ದಿತು.

ಅದಕ್ಕೆ ಎರಡು ವರ್ಷ ಮೊದಲೇ ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವುದು ಎಂಆರ್‌ಐನಲ್ಲಿ ಗೊತ್ತಾಗಿತ್ತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿರುವ ಮೈಲಿನ್ ಎಂಬ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ ಇದು. ಹೊದಿಕೆ ಕಿತ್ತುಹೋದ ಕಡೆ ಸಂದೇಶಗಳು ತಡವಾಗುತ್ತವೆ, ತಪ್ಪುತ್ತವೆ, ಕೆಲವೊಮ್ಮೆ ಹೊರಗೆ ಏನೂ ನಡೆಯದಿದ್ದರೂ ತಾವಾಗಿಯೇ ಹುಟ್ಟುತ್ತವೆ. ಕುತ್ತಿಗೆ ಬಗ್ಗಿಸಿದಾಗ ಬೆನ್ನುಗುಂಟ ವಿದ್ಯುತ್ ಹರಿದಂತಾಗುವುದೂ ಇದರದೇ ಲಕ್ಷಣ. ಒಳನಡುಕ ಮಾತ್ರ ಬೇರೆ ತರಹ. ಬೇಳೆ ಮಿಲ್ಲಿನ ಯಂತ್ರದ ಪಕ್ಕದ ಗೋಡೆಗೆ ಒರಗಿ ನಿಂತಾಗ ಮೈಯೆಲ್ಲ ಹೇಗೆ ಜುಮುಗುಡುತ್ತದೋ ಹಾಗೆ ಎದೆಯಲ್ಲಿ, ತೊಡೆಯಲ್ಲಿ, ಅಂಗಾಲಿನಲ್ಲಿ ತಾಸುಗಟ್ಟಲೆ ನಡೆದಿರುತ್ತದೆ, ಆದರೆ ಹೊರಗಿನಿಂದ ನೋಡುವವರಿಗೆ ಬೆರಳ ತುದಿಯೂ ಅಲುಗುವುದಿಲ್ಲ.

1868ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿದ ಫ್ರೆಂಚ್ ವೈದ್ಯ ಶಾರ್ಕೋ, ಕಣ್ಣಿಗೆ ಕಾಣುವ ನಡುಕವನ್ನು ಅದರ ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದ್ದರು. ಕಾಣದ ನಡುಕಕ್ಕೆ ಅಂಥ ಸ್ಥಾನ ಸಿಗಲಿಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಈ ಕಾಯಿಲೆಯವರನ್ನು ನೇರವಾಗಿ ಕೇಳಿದಾಗ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಜನ ತಮಗೆ ಒಳನಡುಕ ಇದೆ ಎಂದರು. ಕೇಳಿದ್ದರಿಂದ ಹೇಳಿದರು ಎಂಬುದನ್ನು ದಯವಿಟ್ಟು ಗಮನಿಸಿ. ನನ್ನನ್ನು ಮೊದಲು ನೋಡಿದ ವೈದ್ಯರು ಎರಡೂ ಕೈ ಮುಂದೆ ಚಾಚಲು ಹೇಳಿ, ಅವು ಸ್ಥಿರವಾಗಿರುವುದನ್ನು ಕಂಡು, ಟೆನ್ಷನ್ ಕಡಿಮೆ ಮಾಡಿಕೊಳ್ಳಿ ಎಂದು ಕಳುಹಿಸಿದರು. ನೆರೆಮನೆಯ ಹಿರಿಯರೊಬ್ಬರು, "ಕೈ ನೆಟ್ಟಗ ಅದಾವಲ್ಲವ್ವ, ಮತ್ತ ನಡುಗೂದು ಎಲ್ಲಿ?" ಎಂದರು. ಅವರ ಮಾತಿನಲ್ಲಿ ಕೆಡುಕಿರಲಿಲ್ಲ, ಆದರೂ ಆ ರಾತ್ರಿ ನಾನು ಬಹಳ ಅತ್ತೆ. ಗಡಿಕೇಶ್ವರದ ನಡುಕವನ್ನು ಅಳೆಯಲು ಭೂಕಂಪಮಾಪಕವಿತ್ತು. ನನ್ನ ನರಗಳ ಗಾಯ ಎಂಆರ್‌ಐನಲ್ಲಿ ಕಾಣುತ್ತದೆ, ಗುಂಯ್‌ಗುಡುವಿಕೆ ಕಾಣುವುದಿಲ್ಲ. ಅದಕ್ಕೆ ನನ್ನ ಮಾತೊಂದೇ ಸಾಕ್ಷಿ.

ನಮ್ಮ ಊರಿನ ಬಿಸಿಲು ಇದಕ್ಕೆ ಇನ್ನಷ್ಟು ಕಷ್ಟ ಕೂಡಿಸುತ್ತದೆ. ಹೊದಿಕೆ ಕಳೆದುಕೊಂಡ ನರದಲ್ಲಿ, ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಸಂದೇಶ ಕುಂಠಿತವಾಗಬಹುದು. 1890ರಲ್ಲಿ ಜರ್ಮನಿಯ ನೇತ್ರತಜ್ಞ ಊಟ್‌ಹಾಫ್ ಗುರುತಿಸಿದ ಸಂಗತಿಯಾದ್ದರಿಂದ ಇದು ಅವರ ಹೆಸರಿನಲ್ಲೇ ಇದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಅರ್ಧ ಡಿಗ್ರಿ ಏರಲು ಬಸ್ ನಿಲ್ದಾಣದವರೆಗೆ ನಡೆದರೆ ಸಾಕು. ಮೈ ತಣ್ಣಗಾದಾಗ ಇಳಿದುಹೋಗುವ ತೊಂದರೆ ಕಾಯಿಲೆಯ ಹೊಸ ದಾಳಿಯಲ್ಲ. ಜ್ವರ, ಸೋಂಕು ಏನೂ ಇಲ್ಲದೆ ಹೊಸ ಲಕ್ಷಣವೊಂದು 24 ತಾಸು ಮೀರಿ ಉಳಿದರೆ ನರರೋಗ ತಜ್ಞರನ್ನು ಕಾಣಲೇಬೇಕು.

ಬಿಸಿಲಿನ ಕಾರಣಕ್ಕೆ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿ ಇದೆ. ನಾನು ದುಡಿಯುವ ಖಾಸಗಿ ಸಂಸ್ಥೆಯಲ್ಲಿ ಅದೇ ವೇಳೆಯನ್ನು ಕೇಳಿದಾಗ, ನೋಡಲು ಆರೋಗ್ಯವಾಗಿಯೇ ಇದ್ದೀರಿ ಎಂಬ ಉತ್ತರ ಬಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರಿಸಲ್ಪಟ್ಟಿದೆ ಎಂದು ಬರೆದು ಕೊಟ್ಟಿದ್ದೇನೆ. ನಿರ್ಧಾರ ಇನ್ನೂ ಆಗಿಲ್ಲ.

ಈ ನಡುಕಕ್ಕೆಂದೇ ನಿಗದಿಯಾದ ಔಷಧಿ ಇಲ್ಲ. ನರನೋವಿನ ಮಾತ್ರೆ ಕೆಲವರಿಗೆ ಹಿಡಿಸುತ್ತದೆ. ನನಗೆ ಹೆಚ್ಚು ನೆರವಾಗಿದ್ದು ನಿದ್ದೆ, ನಿಧಾನದ ಉಸಿರು ಮತ್ತು ಒದ್ದೆ ಟವೆಲ್. ಮೊದಲೆಲ್ಲ ಮಾತಾಡದೆ ನೋಡುತ್ತಿದ್ದ ನಮ್ಮ ಅತ್ತೆಯವರು ಈಗ ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ ಕೂಡಲೇ, "ಶುರು ಆತೇನವ್ವ?" ಎಂದು ಕೇಳಿ, ನನ್ನ ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಂಡು ತಾವೇ ಬಡಿಯಲು ಕೂರುತ್ತಾರೆ.